ನಿಮ್ಮೂರ ಬೆಟ್ಟ, ನಿಮ್ಮೂರ ಮಳೆ: ಭೂಗೋಳದ ರೆಕಾರ್ಡ್ ಬುಕ್ ತಪ್ಪಿಲ್ಲದೆ ಮಾಡುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ನನ್ನ ಟೇಬಲ್ ಮೇಲೆ ಪಿಯುಸಿ ಭೂಗೋಳದ ರೆಕಾರ್ಡ್ ಬುಕ್‌ಗಳ ರಾಶಿ ಬೀಳುತ್ತದೆ. ಎಲ್ಲ ಚಿಕ್ಕಬಳ್ಳಾಪುರದ ಸುತ್ತಮುತ್ತಲ ಹಳ್ಳಿ ಮಕ್ಕಳದು. ಬೆಳಿಗ್ಗೆ ಬಾಗಿಲು ತೆಗೆದರೆ ಬೆಟ್ಟ ಕಾಣುವವರು. ಆದರೂ ರೆಕಾರ್ಡ್‌ನಲ್ಲಿ ಬೆಟ್ಟದ ನೆತ್ತಿ ಚಾಕುವಿನಿಂದ ಕೊಯ್ದ ಹಾಗೆ ಚಪ್ಪಟೆ. ಹಳ್ಳ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಮಳೆ ಜುಲೈನಲ್ಲಿ ಧೋ ಎಂದು ಸುರಿದಿದೆ. ಥರ್ಮಾಮೀಟರ್ ಲೆಕ್ಕ ಮಾತ್ರ ಪಠ್ಯಪುಸ್ತಕದಲ್ಲಿ ಇದ್ದಂತೆಯೇ ಬಂದಿದೆ, ಒಂದು ಚುಕ್ಕಿ ಆಚೀಚೆ ಇಲ್ಲ.

ಈ ತಪ್ಪುಗಳಿಗೆ ದಡ್ಡತನ ಕಾರಣವಲ್ಲ. ಕೆಲಸದ ಕ್ರಮ ಉಲ್ಟಾ ಆಗಿರುತ್ತದೆ. ಮೊದಲು ಬೆಟ್ಟ ಹತ್ತಿ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಆಮೇಲೆ ನಕ್ಷೆ ಹುಡುಕುತ್ತಾರೆ, ಕೊನೆಗೆ ಮಳೆಯನ್ನು ಗೈಡ್ ನೋಡಿ ತುಂಬುತ್ತಾರೆ. ಸರಿಯಾದ ಕ್ರಮ ಹೀಗೆ: ಮಳೆಮಾಪಕ ಮೊದಲು, ನಕ್ಷೆ ಎರಡನೆಯದು, ಬೆಟ್ಟ ಹತ್ತುವುದು ಅದಕ್ಕೂ ಆಮೇಲೆ. ಕೋಲಾರ, ತುಮಕೂರಿನವರೂ ಇದನ್ನೇ ಅನುಸರಿಸಬಹುದು. ಬೆಟ್ಟದ ಹೆಸರು ಮಾತ್ರ ಬದಲಾಗುತ್ತದೆ.

ಬೇಕಾಗುವ ಸಾಮಾನು

ಟೋಪೋಶೀಟ್‌ನ ಪ್ರಿಂಟ್ (ನೆಲದ ಏರುತಗ್ಗು, ಹಳ್ಳ, ದಾರಿ ತೋರಿಸುವ ಸರ್ಕಾರಿ ನಕ್ಷೆ ಅದು), ಗ್ರಾಫ್ ಹಾಳೆ, 30 ಸೆಂ.ಮೀ. ಸ್ಕೇಲು, ಚೂಪಾದ ಪೆನ್ಸಿಲು, ಅಂಚು ನೆಟ್ಟಗಿರುವ ಬಿಳಿ ಕಾಗದದ ಪಟ್ಟಿ. ಒಂದೇ ತರಹದ ಎರಡು ಥರ್ಮಾಮೀಟರ್. ಬಾಯಿ ದುಂಡಗಿರುವ ಒಂದು ಡಬ್ಬಿ ಅಥವಾ ಬಾಟಲಿ. ಕೆಮಿಸ್ಟ್ರಿ ಲ್ಯಾಬಿನಿಂದ 100 ಮಿ.ಲೀ. ಅಳತೆ ಜಾಡಿ, ಕೇಳಿದರೆ ಕೊಡುತ್ತಾರೆ. ಮೊಬೈಲ್ ಇದ್ದೇ ಇರುತ್ತದೆ. ಅದರಲ್ಲಿ ದಿಕ್ಸೂಚಿ ಬಳಸಿ, ಪರವಾಗಿಲ್ಲ. ಆದರೆ ಅದು ತೋರಿಸುವ ತಾಪಮಾನವನ್ನು ರೆಕಾರ್ಡ್‌ಗೆ ಬರೆಯಬೇಡಿ. ಅದು ನೀವು ನಿಂತ ಜಾಗದಲ್ಲಿ ಅಳೆದದ್ದಲ್ಲ.

ಹಂತ 1: ಮೊದಲ ದಿನವೇ ಮಳೆಮಾಪಕ ಇಡಿ

ಮಿಕ್ಕ ಕೆಲಸಗಳನ್ನು ನಾಲ್ಕು ಭಾನುವಾರದಲ್ಲಿ ಮುಗಿಸಬಹುದು. ಮಳೆಯನ್ನು ಹಾಗೆ ಮುಗಿಸಲು ಆಗುವುದಿಲ್ಲ, ಅದು ಬಂದಾಗಲೇ ಅಳೆಯಬೇಕು. ಆದ್ದರಿಂದ ಇದು ಮೊದಲು. ಕಾಲೇಜು ಶುರುವಾದ ವಾರವೇ ಇಟ್ಟುಬಿಡಿ.

ಡಬ್ಬಿಯ ಬಾಯಿಯ ಅಗಲ ಅಳೆಯಿರಿ. 10 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಬಿದ್ದ ನೀರನ್ನು ಅಳತೆ ಜಾಡಿಗೆ ಸುರಿದು ಎಷ್ಟು ಮಿ.ಲೀ. ನೋಡಿ. ಅದನ್ನು ವಿಸ್ತೀರ್ಣದಿಂದ ಭಾಗಿಸಿ 10ರಿಂದ ಗುಣಿಸಿ. 157 ಮಿ.ಲೀ. ಸಿಕ್ಕಿದರೆ ಮಳೆ 20 ಮಿ.ಮೀ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಡಬ್ಬಿಯೊಳಗೆ ಸ್ಕೇಲು ಇಳಿಬಿಟ್ಟು ನೀರಿನ ಎತ್ತರ ನೋಡುವುದು. ಬಾಯಿಯಿಂದ ತಳದವರೆಗೂ ಒಂದೇ ಅಗಲ ಇದ್ದು ತಳ ಸಮತಟ್ಟಾಗಿದ್ದರೆ ಮಾತ್ರ ಅದು ಸರಿ. ಚೊಂಬು, ಬಕೆಟ್, ಕೂಲ್ ಡ್ರಿಂಕ್ಸ್ ಬಾಟಲಿ ಯಾವುದೂ ಹಾಗಿರುವುದಿಲ್ಲ. ಜಾಡಿಗೆ ಸುರಿದು ಅಳೆದರೆ ಈ ತಲೆನೋವೇ ಇಲ್ಲ.

ಇಡುವ ಜಾಗ ಬಯಲಾಗಿರಬೇಕು. ಪಕ್ಕದ ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬಿಡಿ. ಡಬ್ಬಿಯ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರಲಿ, ನೆಲಕ್ಕೆ ಬಿದ್ದ ಹನಿ ಎಗರಿ ಒಳಗೆ ಬೀಳಬಾರದು. ಮೂರು ಕಲ್ಲು ಒತ್ತಿ ಗಟ್ಟಿ ಮಾಡಿ. ನಮ್ಮ ಕಡೆ ಗಾಳಿಗಿಂತ ಕೋತಿ ಕಾಟ ಜಾಸ್ತಿ. ಒಂದು ಸಲ ನನ್ನ ಡಬ್ಬಿಯ ನೀರನ್ನು ಕೋತಿಯೊಂದು ಕುಡಿದು, ಡಬ್ಬಿಯನ್ನೂ ಹೊತ್ತುಕೊಂಡು ಹೋಗಿತ್ತು. ಆ ದಿನದ ಮುಂದೆ ನಾನು ಬರೆದದ್ದು "ಅಳತೆ ಇಲ್ಲ" ಎಂದು, ಸೊನ್ನೆ ಅಲ್ಲ.

ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ. ಹಿಂದಿನ ರಾತ್ರಿ ಬಂದ ಮಳೆಯನ್ನು ಅಳೆದ ದಿನದ ಲೆಕ್ಕಕ್ಕೇ ಬರೆಯಬೇಕು. 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಅದು "ಮಳೆ ದಿನ". ಕಡಿಮೆ ಬಿದ್ದರೂ ಅಳತೆ ಬರೆದಿಡಿ.

ಎಚ್ಚರಿಕೆಯ ಗುರುತು: ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಅಲ್ಲಿನ ಅಳತೆ ಜೊತೆ ಹೋಲಿಸಿ. ಒಂದು ದಿನ ನಿಮ್ಮಲ್ಲಿ 40, ಅಲ್ಲಿ 5 ಬಂದರೆ ಗಾಬರಿ ಬೇಡ. ಗುಡುಗು ಮಳೆ ಹಾಗೇ, ಈ ಹೊಲಕ್ಕೆ ಸುರಿದು ಪಕ್ಕದ ಹೊಲಕ್ಕೆ ಹನಿ ಹಾಕದೆ ಹೋಗುತ್ತದೆ. ಆದರೆ ಪ್ರತಿ ಸಲವೂ ನಿಮ್ಮದು ಅವರದರ ಸರಿಯಾಗಿ ಅರ್ಧವೋ ಎರಡರಷ್ಟೋ ಬರುತ್ತಿದ್ದರೆ ಬಾಯಿಯ ವಿಸ್ತೀರ್ಣದ ಲೆಕ್ಕ ತಪ್ಪಿದೆ. ಮತ್ತೆ ಅಳೆಯಿರಿ.

ಹಂತ 2: ಸರಿಯಾದ ಹಾಳೆ, ಸರಿಯಾದ ಪ್ರಿಂಟ್

ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್ ಬೇಕು. ನಂದಿ ಬೆಟ್ಟ, ಸ್ಕಂದಗಿರಿ, ಚಿಕ್ಕಬಳ್ಳಾಪುರ ಪಟ್ಟಣ ಮೂರೂ ಹಳೆಯ ಸಂಖ್ಯೆಯ 57 ಜಿ/11 ಹಾಳೆಯಲ್ಲಿವೆ. ತುಮಕೂರು ಮತ್ತು ದೇವರಾಯನದುರ್ಗ 57 ಜಿ/3ರಲ್ಲಿ, ಮಧುಗಿರಿ 57 ಜಿ/2ರಲ್ಲಿ, ಕೋಲಾರ ಪಟ್ಟಣ 57 ಕೆ/4ರಲ್ಲಿ ಬರುತ್ತವೆ. ಈಗಿನ ಸರಣಿಯಲ್ಲಿ ಸಂಖ್ಯೆ ಬೇರೆ. ಆದರೆ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ಊರಿನ ಜಾಗ ನೋಡಿಯೇ ಹಾಳೆ ಹುಡುಕಬಹುದು.

ಪ್ರಿಂಟ್‌ನಲ್ಲೇ ಅರ್ಧ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಜೆರಾಕ್ಸ್ ಅಂಗಡಿಯಲ್ಲಿ ಇಡೀ ಹಾಳೆಯನ್ನು ಎ4 ಕಾಗದಕ್ಕೆ ಕುಗ್ಗಿಸಿ ಕೊಟ್ಟರು. ಚೆನ್ನಾಗಿ ಕಾಣುತ್ತಿತ್ತು, ತಂದೆ. ಅದರ ಮೇಲೆ ಸ್ಕೇಲಿಟ್ಟು ಮಕ್ಕಳಿಗೆ ದೂರ ಲೆಕ್ಕ ಹಾಕಿಸಿದೆ. ನಾಲ್ಕು ಕಿಲೋಮೀಟರ್ ನಡಿಗೆ ಅಂದುಕೊಂಡು ಹೊರಟವರು ಹತ್ತು ಕಿಲೋಮೀಟರ್ ನಡೆದೆವು. ಮಕ್ಕಳು ಇವತ್ತಿಗೂ ಅದನ್ನು ನೆನಪಿಸಿ ನಗುತ್ತಾರೆ.

ಇಡೀ ಹಾಳೆ ಬೇಡ. ಬೆಟ್ಟದ ಭಾಗ ಮಾತ್ರ ಆರಿಸಿ, ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ಕೇಳಿ. ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ಸ್ಕೇಲು ಇಡಿ. ಅಳತೆಪಟ್ಟಿಯಲ್ಲಿ 1 ಕಿ.ಮೀ. ಇರುವ ಜಾಗ ಸರಿಯಾಗಿ 2 ಸೆಂ.ಮೀ. ಬರಬೇಕು. ಬರದಿದ್ದರೆ ವಾಪಸ್ ಕೊಡಿ. ಬಣ್ಣದ ಪ್ರಿಂಟ್‌ಗೆ ನಾಲ್ಕು ಕಾಸು ಜಾಸ್ತಿ ಆದರೂ ಮಾಡಿಸಿ. ಕಪ್ಪುಬಿಳುಪಿನಲ್ಲಿ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಯಾವುದು, ದಾರಿ ಯಾವುದು ಎಂದು ಗೊತ್ತಾಗುವುದಿಲ್ಲ.

ಹಂತ 3: ಇಳಿಜಾರು ಯಾವ ಕಡೆ?

ಸಮೋನ್ನತಿ ರೇಖೆ ಅಂತ ಪುಸ್ತಕ ಹೇಳುತ್ತದೆ. ಕ್ಲಾಸಿನಲ್ಲಿ ಎಲ್ಲರೂ ಕಾಂಟೂರ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಈ ಹಾಳೆಯಲ್ಲಿ ಕಂದು ಗೆರೆಗಳು 20 ಮೀಟರಿಗೊಂದು. 100 ಮೀಟರಿಗೊಂದು ಗೆರೆ ದಪ್ಪಗಿರುತ್ತದೆ. ಮೊದಲು ದಪ್ಪ ಗೆರೆಗಳ ಮೇಲಿನ ಅಂಕಿ ಓದಿ. ಸಣ್ಣ ಗೆರೆ ಎಣಿಸುತ್ತಾ ಕೂತರೆ ಕಣ್ಣು ಹೋಗುತ್ತದೆ.

ಅಂಕಿ ಕಾಣದ ಜಾಗದಲ್ಲಿ ಏರು ಯಾವುದು, ತಗ್ಗು ಯಾವುದು? ಇದಕ್ಕೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಒಂದು ಸುಲಭದ ಉಪಾಯ ಇದೆ, ಕೆರೆ ನೋಡಿ. ಕೆರೆಯ ಏರಿ ನಕ್ಷೆಯಲ್ಲಿ ದಪ್ಪ ಗೆರೆಯಾಗಿ ಕಾಣುತ್ತದೆ. ಏರಿ ಯಾವಾಗಲೂ ತಗ್ಗಿನ ಕಡೆ ಇರುತ್ತದೆ, ನೀರು ಅದಕ್ಕೆ ಒರಗಿ ಮೇಲಿನ ಕಡೆಗೆ ಹರಡಿಕೊಂಡಿರುತ್ತದೆ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೊಂದಕ್ಕೆ. ಈ ಸಾಲನ್ನು ಬೆರಳಿನಲ್ಲಿ ಹಿಡಿದು ಹೋದರೆ ಇಳಿಜಾರು ತಾನಾಗಿ ತಿಳಿಯುತ್ತದೆ.

ಈಗ ಹಳ್ಳ ಮತ್ತು ಚಾಚು. ಕಾಂಟೂರ್ ಬಾಗಿ ಮೊನೆಯಾದಾಗ, ಆ ಮೊನೆ ಎತ್ತರದ ಕಡೆ ತಿರುಗಿದ್ದರೆ ಅಲ್ಲಿ ಹಳ್ಳ ಇದೆ. ತಗ್ಗಿನ ಕಡೆ ತಿರುಗಿದ್ದರೆ ಅದು ಬೆಟ್ಟದ ಚಾಚು. ಹಳ್ಳ ಬೆಟ್ಟ ಹತ್ತುವ ತಪ್ಪು ಹುಟ್ಟುವುದು ಇದನ್ನು ಅದಲು ಬದಲು ಮಾಡಿಕೊಂಡಾಗ.

ಬಣ್ಣದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ನೀರೆಂದರೆ ನೀಲಿ ಅಂದುಕೊಂಡು ಮಕ್ಕಳು ನೀಲಿ ಗೆರೆ ಹುಡುಕುತ್ತಾರೆ, ಸಿಗುವುದಿಲ್ಲ. "ಹಳ್ಳಾನೇ ಇಲ್ಲ" ಎಂದು ಬರೆದುಬಿಡುತ್ತಾರೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳವನ್ನು ಟೋಪೋಶೀಟ್‌ನಲ್ಲಿ ಕಪ್ಪು ಗೆರೆಯಲ್ಲಿ ತೋರಿಸುತ್ತಾರೆ. ನಮ್ಮ ಕಡೆ ವರ್ಷವಿಡೀ ಹರಿಯುವ ನದಿ ಎಲ್ಲಿದೆ?

ಈ ಹಂತದ ಕೊನೆಗೆ ಪೆನ್ಸಿಲಿನಲ್ಲಿ ನೀರು ಬೇರೆಯಾಗುವ ಗೆರೆ ಎಳೆಯಿರಿ. ಚಾಚಿನ ನೆತ್ತಿಯಿಂದ ನೆತ್ತಿಗೆ ಹೋಗಿ, ಹಳ್ಳವನ್ನು ಎಲ್ಲೂ ದಾಟಬೇಡಿ. ದಾಟಿದರೆ ತಪ್ಪಾಗಿದೆ ಎಂದೇ ಅರ್ಥ. ದೇವರಾಯನದುರ್ಗದಲ್ಲಿ ಇದನ್ನು ಎಳೆದವರಿಗೆ ಒಂದು ಬಹುಮಾನ ಸಿಗುತ್ತದೆ. ಆ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಕಾವೇರಿಗೆ ಸೇರುತ್ತದೆ, ಜಯಮಂಗಲಿ ಉತ್ತರ ಪಿನಾಕಿನಿಗೆ. ಒಂದೇ ಮೋಡದ ಎರಡು ಹನಿ, ನಡುವೆ ನಿಮ್ಮ ಪೆನ್ಸಿಲ್ ಗೆರೆ. ನಂದಿಯ ಕಡೆಯೂ ಹೀಗೆಯೇ, ಅರ್ಕಾವತಿ ಕಾವೇರಿಯ ದಾರಿ ಹಿಡಿದರೆ ಉತ್ತರ, ದಕ್ಷಿಣ ಪಿನಾಕಿನಿಗಳು ಬೇರೆ ದಾರಿ ಹಿಡಿಯುತ್ತವೆ.

ಹಂತ 4: ಅಡ್ಡಕೊಯ್ತ ಬಿಡಿಸುವುದು

ಅಡ್ಡಕೊಯ್ತ ಅಂದರೆ ಬೆಟ್ಟವನ್ನು ನೆತ್ತಿಯಿಂದ ಬುಡಕ್ಕೆ ಕೊಯ್ದರೆ ಪಕ್ಕದಿಂದ ಕಾಣುವ ಆಕಾರ. ಜಾಸ್ತಿ ಮಾರ್ಕ್ಸ್ ಹೋಗುವುದು ಇಲ್ಲಿ. ನಿಧಾನವಾಗಿ ಮಾಡಿ.

ನಕ್ಷೆಯ ಮೇಲೆ ಬೆಟ್ಟದ ನೆತ್ತಿ ದಾಟುವ ಹಾಗೆ ಒಂದು ನೇರ ಗೆರೆ ಎಳೆಯಿರಿ. ಎರಡೂ ತುದಿ ಬಯಲಲ್ಲಿರಲಿ. ಆ ಗೆರೆಗೆ ಕಾಗದದ ಪಟ್ಟಿಯ ಅಂಚು ಕೂಡಿಸಿ. ದಪ್ಪ ಕಾಂಟೂರ್ ಪಟ್ಟಿಗೆ ತಾಕುವ ಪ್ರತಿ ಜಾಗದಲ್ಲೂ ಒಂದು ಗೀಟು ಹಾಕಿ, ಪಕ್ಕದಲ್ಲೇ ಎತ್ತರ ಬರೆಯಿರಿ. "ಆಮೇಲೆ ಬರೀತೀನಿ" ಅಂದುಕೊಂಡು ಬರೀ ಗೀಟು ಹಾಕಿದವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಹಳ್ಳ, ದಾರಿ, ಕೆರೆ ದಾಟಿದರೆ ಅದನ್ನೂ ಗುರುತು ಮಾಡಿ.

ಗ್ರಾಫ್ ಹಾಳೆಯಲ್ಲಿ ನಿಂತ ಗೆರೆಯ ಅಳತೆ ಆರಿಸಿ. ಅಡ್ಡಕ್ಕೆ 1 ಸೆಂ.ಮೀ. ಅಂದರೆ 500 ಮೀಟರ್, ಅದು ನಕ್ಷೆಯಿಂದಲೇ ಬಂದದ್ದು. ಎತ್ತರಕ್ಕೂ ಅದೇ ಅಳತೆ ಹಿಡಿದರೆ ಚಿಕ್ಕಬಳ್ಳಾಪುರದ ಬಯಲಿನಿಂದ ನಂದಿಯ ನೆತ್ತಿ ಬರೀ ಒಂದು ಸೆಂಟಿಮೀಟರ್ ಮೇಲಿರುತ್ತದೆ, ಇಡ್ಲಿ ಇಟ್ಟ ಹಾಗೆ. ಅದಕ್ಕೇ 1 ಸೆಂ.ಮೀ.ಗೆ 100 ಮೀಟರ್ ಹಿಡಿಯಿರಿ. ಬೆಟ್ಟ ಐದು ಪಟ್ಟು ಉಬ್ಬುತ್ತದೆ. ಉಬ್ಬಿಸಿದ್ದನ್ನು ಚಿತ್ರದ ಕೆಳಗೆ ಬರೆಯಲೇಬೇಕು: "ಎತ್ತರದ ಉಬ್ಬು 5 ಪಟ್ಟು". ಎತ್ತರವನ್ನು ಸೊನ್ನೆಯಿಂದ ಶುರು ಮಾಡಬೇಡಿ. ಪಟ್ಟಣವೇ ಸುಮಾರು 915 ಮೀಟರ್ ಎತ್ತರದಲ್ಲಿದೆ. 800ರಿಂದ ಶುರು ಮಾಡಿದರೆ ಸಾಕು.

ಪಟ್ಟಿಯ ಗೀಟುಗಳನ್ನು ಗ್ರಾಫ್‌ನ ಬುಡಕ್ಕೆ ಇಳಿಸಿ, ಪ್ರತಿಯೊಂದರ ನೇರಕ್ಕೆ ಅದರ ಎತ್ತರದಲ್ಲಿ ಚುಕ್ಕೆ ಇಡಿ. ಸ್ಕೇಲು ಪಕ್ಕಕ್ಕಿಟ್ಟು ಕೈಯಲ್ಲೇ ಸೇರಿಸಿ. ಬೆಟ್ಟಕ್ಕೆ ಸ್ಕೇಲಿನ ಮೂಲೆಗಳಿರುವುದಿಲ್ಲ.

ಮೇಜಿನ ಹಾಗಿರುವ ಬೆಟ್ಟ ಹುಟ್ಟುವುದು ಇಲ್ಲೇ. ನೆತ್ತಿಯ ಎರಡು ಪಕ್ಕದಲ್ಲೂ 1,400ರ ಚುಕ್ಕೆ ಇರುತ್ತದೆ. ಎರಡನ್ನೂ ನೇರ ಸೇರಿಸಿಬಿಡುತ್ತಾರೆ. ನೆಲ ಅಲ್ಲಿಗೇ ನಿಂತಿಲ್ಲ, ಮೇಲೆ ಹೋಗಿದೆ. 1,500 ಮುಟ್ಟಿಲ್ಲ ಅಷ್ಟೇ. ನಕ್ಷೆಯಲ್ಲಿ ನೆತ್ತಿಯ ಹತ್ತಿರ ಇರುವ ಎತ್ತರದ ಅಂಕಿ ಹುಡುಕಿ. ನಂದಿಯ ಎತ್ತರ 1,478 ಮೀಟರ್. ನಿಮ್ಮ ಗೆರೆ ನೆತ್ತಿಯ ಮೇಲೇ ಹಾದಿದ್ದರೆ ಅಲ್ಲಿಗೆ ಏರಿಸಿ. ಹಳ್ಳದ ತಳಕ್ಕೂ ಇದೇ ಲೆಕ್ಕ, ಎರಡು 900ರ ನಡುವೆ ಹಳ್ಳ ಇದ್ದರೆ ಗೆರೆ 900ಕ್ಕಿಂತ ಸ್ವಲ್ಪ ಕೆಳಗಿಳಿಯಬೇಕು.

ನಂದಿ ಬಿಡಿಸುವವರಿಗೆ ಒಂದು ಮಾತು. ಅದರ ತಲೆ ನಿಜವಾಗಿಯೂ ಸ್ವಲ್ಪ ಹರಡಿಕೊಂಡಿದೆ, ತೋಟ, ಕಟ್ಟಡ ಎಲ್ಲ ಇವೆಯಲ್ಲ. ಅಲ್ಲಿ ಸಣ್ಣ ಕಾಂಟೂರ್‌ಗಳನ್ನೂ ಎಣಿಸಿ. ಅವು ದೂರ ದೂರ ಇದ್ದರೆ ಇಳಿಜಾರು ಕಡಿಮೆ. ಬದಿಗೆ ಬಂದರೆ ಅಂಟಿಕೊಂಡಷ್ಟು ಒತ್ತಾಗುತ್ತವೆ. 1,200 ಮತ್ತು 1,400ರ ನಡುವೆ ನಿಮ್ಮ ಪಟ್ಟಿಯಲ್ಲಿ 6 ಮಿ.ಮೀ. ಬಂತು ಅನ್ನಿ. ಅಂದರೆ 300 ಮೀಟರ್ ಮುಂದೆ ಹೋಗುವಷ್ಟರಲ್ಲಿ 200 ಮೀಟರ್ ಏರು. ಸುಮಾರು 34 ಡಿಗ್ರಿ. ಬಂಡೆಯ ಮೇಲೆ ಕೈಯೂರಿ ಹತ್ತುವ ಇಳಿಜಾರು ಅದು.

ಹಂತ 5: ಬೆಟ್ಟ ಹತ್ತುವ ದಿನ

ಅಡ್ಡಕೊಯ್ತ ಮುಗಿಸದೆ ಹತ್ತಬೇಡಿ. ಚಿತ್ರ ಕೈಯಲ್ಲಿದ್ದರೆ "ಇಲ್ಲಿ ಕಡಿದಾಗಬೇಕಿತ್ತು, ಯಾಕೆ ಆಗಲಿಲ್ಲ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ನೋಡಬೇಕಾದ್ದು ಬಂಡೆಯನ್ನು. ನಮ್ಮಲ್ಲಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಕಲ್ಲುಗಳು. ಮಧುಗಿರಿ, ಪಾವಗಡದ ಕಡೆ ಹಾಯುವ ಗ್ರಾನೈಟ್ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ಬಿಸಿಲು, ಮಳೆ, ಮೇಲಿನ ಭಾರ ಕಳೆದುಹೋದದ್ದು ಎಲ್ಲ ಸೇರಿ ಬಂಡೆ ಪದರ ಪದರವಾಗಿ ಏಳುತ್ತದೆ, ಈರುಳ್ಳಿ ಸಿಪ್ಪೆಯ ಹಾಗೆ. ಪದರದ ಅಂಚಿಗೆ ಕೈಯಿಡಿ, ಕೆಳಗೆ ಟೊಳ್ಳು ತಿಳಿಯುತ್ತದೆ. ಬಿರುಕುಗಳ ಮೂಲೆ ಮೊದಲು ಸವೆದು ಚೌಕದ ಕಲ್ಲು ಗುಂಡಾಗುತ್ತದೆ. ಗುಂಡಿನ ಬುಡದಲ್ಲಿ ಉದುರಿದ ಗರಸು ಮಣ್ಣನ್ನು ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ. ಹೊಳೆಯುವ ಚೂರು ಕ್ವಾರ್ಟ್ಜ್, ಅದು ಪುಡಿಯಾಗುವುದಿಲ್ಲ. ಬೆರಳಿಗೆ ಹಿಟ್ಟಿನ ಹಾಗೆ ಅಂಟುವುದು ಕೊಳೆತ ಫೆಲ್ಡ್‌ಸ್ಪಾರ್. ಕೋಲಾರದವರು ಅಂತರಗಂಗೆಗೆ ಹೋದರೆ ಗುಹೆಗಳನ್ನು ಗಮನಿಸಿ. ಸುಣ್ಣಕಲ್ಲಿನ ಗುಹೆಯ ಹಾಗೆ ನೀರು ಕರಗಿಸಿದ್ದಲ್ಲ, ಗುಂಡುಗಳು ಒಂದರ ಮೇಲೊಂದು ಕೂತಾಗ ಉಳಿದ ಸಂದು. ರೆಕಾರ್ಡ್‌ನಲ್ಲಿ "ಕಾರ್ಸ್ಟ್ ಗುಹೆ" ಎಂದು ಬರೆದವರನ್ನು ನಾನು ನೋಡಿದ್ದೇನೆ.

ಇನ್ನೊಂದು ತಪ್ಪು ಹೊಸದು. ನೆಟ್ಟಗೆ ನಿಂತ ಬಂಡೆ ಕಂಡ ಕೂಡಲೇ "ಪ್ರಪಾತ" ಎಂದು ಬರೆಯುತ್ತಾರೆ. ಒಮ್ಮೆ ನನ್ನ ವಿದ್ಯಾರ್ಥಿನಿ ಹಾಗೇ ಬರೆಯುತ್ತಿದ್ದಳು. ಕುರಿ ಮೇಯಿಸುತ್ತಿದ್ದ ಅಜ್ಜ ಬಗ್ಗಿ ನೋಡಿ, "ಅದು ಕ್ವಾರಿಯೋರು ಕುಯ್ದಿದ್ದು ಕಣಮ್ಮ, ನಾನು ನೋಡ್ತಿದ್ದಂಗೇ ಆಗಿದ್ದು" ಅಂದರು. ಬಂಡೆಯ ಮೈಮೇಲೆ ಸಾಲಾಗಿ ಅರ್ಧ ಕೊಳವೆಯಂಥ ಗುರುತು ಇದೆಯಾ ನೋಡಿ, ಡ್ರಿಲ್ ಹೊಡೆದದ್ದು. ಬಣ್ಣವೂ ಹೇಳುತ್ತದೆ. ಹಳೆಯ ಬಂಡೆ ಕಪ್ಪಿಟ್ಟಿರುತ್ತದೆ, ಕಲ್ಲುಹೂವು ಹಿಡಿದಿರುತ್ತದೆ. ಕೊಯ್ದದ್ದು ಬೆಳ್ಳಗಿರುತ್ತದೆ.

ಜಾಗ್ರತೆಯ ವಿಷಯ ಚಿಕ್ಕದಾಗಿ: ಒದ್ದೆ ಬಂಡೆ ಹತ್ತಬೇಡಿ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ಮಧ್ಯಾಹ್ನದೊಳಗೆ ಇಳಿದುಬಿಡಿ, ಸಿಡಿಲು ಬೋಳು ಬಂಡೆಯ ಮೇಲೆ ಆಟವಲ್ಲ. ಹೆಜ್ಜೇನು ಕಂಡರೆ ಸದ್ದಿಲ್ಲದೆ ದಾರಿ ಬದಲಿಸಿ. ಸ್ಕಂದಗಿರಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು.

ಹಂತ 6: ಬುಡದಲ್ಲಿ ಒಬ್ಬರು, ನೆತ್ತಿಯಲ್ಲಿ ಒಬ್ಬರು

ಎತ್ತರ ಹೋದಂತೆ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ತಂಪು. ಪಟ್ಟಣಕ್ಕೂ ನಂದಿ ನೆತ್ತಿಗೂ 563 ಮೀಟರ್ ವ್ಯತ್ಯಾಸ. ಲೆಕ್ಕಕ್ಕೆ ಸುಮಾರು 3.7 ಡಿಗ್ರಿ ಬರಬೇಕು.

ಮೊದಲು ಎರಡು ಥರ್ಮಾಮೀಟರನ್ನೂ ನೆರಳಿನಲ್ಲಿ ಅಕ್ಕಪಕ್ಕ ಹತ್ತು ನಿಮಿಷ ಇಡಿ. ಒಂದು ಡಿಗ್ರಿ ಆಚೀಚೆ ತೋರಿಸಿದರೆ ಬರೆದಿಟ್ಟುಕೊಳ್ಳಿ, ಆಮೇಲೆ ಕಳೆಯಬಹುದು. ಒಬ್ಬರು ಬುಡದಲ್ಲಿ, ಒಬ್ಬರು ನೆತ್ತಿಯಲ್ಲಿ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಂದೇ ಹೊತ್ತಿಗೆ ಓದಬೇಕು. ನೆರಳು, ನೆಲದಿಂದ ಎದೆಯೆತ್ತರ, ಗಾಳಿಯಾಡುವ ಜಾಗ. ಗುಂಡುಕಲ್ಲಿಗೆ ಒರಗಿಸಿದರೆ ಬಂಡೆಯ ಬಿಸಿ ಅಳೆದಂತಾಗುತ್ತದೆ. ಒಬ್ಬರೇ ಬುಡದಲ್ಲಿ 7 ಗಂಟೆಗೆ, ನೆತ್ತಿಯಲ್ಲಿ 11 ಗಂಟೆಗೆ ಓದಿದರೆ ಎತ್ತರದ ಲೆಕ್ಕ ಬಿಸಿಲೇರಿದ ಲೆಕ್ಕದಲ್ಲಿ ಮುಳುಗಿಹೋಗುತ್ತದೆ.

ಒಂದು ಜನವರಿಯ ಬೆಳಿಗ್ಗೆ 6.30ಕ್ಕೆ ನೆತ್ತಿಯಿಂದ ಹುಡುಗ ಫೋನ್ ಮಾಡಿದ. "ಮೇಡಂ, ಥರ್ಮಾಮೀಟರ್ ಕೆಟ್ಟಿದೆ. ಇಲ್ಲೇ ಬೆಚ್ಚಗಿದೆ ಅಂತ ತೋರಿಸ್ತಿದೆ." ಬುಡದಲ್ಲಿ ನಾನು ನಡುಗುತ್ತಿದ್ದೆ. ಥರ್ಮಾಮೀಟರ್ ಸರಿಯಾಗೇ ಇತ್ತು. ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಕಿದ ಗಾಳಿಯೂ ತಣ್ಣಗಾಗಿ, ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ನೆತ್ತಿ ಆ ತಣ್ಣನೆ ಗಾಳಿಯ ಮೇಲೆ ಉಳಿಯುತ್ತದೆ. ಇದು ತಾಪ ವಿಲೋಮ. ಹೀಗೆ ಉಲ್ಟಾ ಬಂದ ಅಳತೆಯನ್ನು ಅಳಿಸಿ 3.7 ಎಂದು ತಿದ್ದುವವರೇ ಜಾಸ್ತಿ. ತಿದ್ದಬೇಡಿ. ಹೊತ್ತು, ಮೋಡ, ಗಾಳಿ, ಮಂಜು ನಾಲ್ಕನ್ನೂ ಪಕ್ಕದಲ್ಲಿ ಬರೆಯಿರಿ. ಅದೇ ದಿನ 11 ಗಂಟೆಗೆ ಮತ್ತೊಮ್ಮೆ ಓದಿ. ನೆತ್ತಿ ಮತ್ತೆ ತಂಪಾಗಿರುವುದು ಕಾಣುತ್ತದೆ. ಎರಡೂ ಅಳತೆ ಇರುವ ರೆಕಾರ್ಡ್‌ಗೆ ನಾನು ಕಣ್ಣುಮುಚ್ಚಿ ಪೂರ್ತಿ ಅಂಕ ಕೊಡುತ್ತೇನೆ.

ಹಂತ 7: ಮಳೆ ಮತ್ತು ತಾಪಮಾನದ ನಕ್ಷೆ

ನಿಮ್ಮ ಡಬ್ಬಿಯ ಮೂರು ತಿಂಗಳ ಲೆಕ್ಕ ಹವಾಮಾನ. ವಾಯುಗುಣ ಹೇಳಲು 30 ವರ್ಷದ ಸರಾಸರಿ ಬೇಕು. ಜಿಲ್ಲೆಯ ಅಂಕಿಅಂಶ ಪುಸ್ತಕದಲ್ಲಿ ತಾಲ್ಲೂಕುವಾರು ವಾಡಿಕೆ ಮಳೆ ಸಿಗುತ್ತದೆ, ಅದನ್ನು ತಗೊಳ್ಳಿ. ಜನವರಿಯಿಂದ ಡಿಸೆಂಬರ್‌ವರೆಗೆ ಮಳೆಗೆ ಕಂಬ, ತಾಪಮಾನಕ್ಕೆ ಗೆರೆ. ಎಡಗಡೆ ಮಿ.ಮೀ., ಬಲಗಡೆ ಡಿಗ್ರಿ. ಎರಡಕ್ಕೂ ಒಂದೇ ಅಳತೆ ಇಟ್ಟರೆ ತಾಪಮಾನದ ಗೆರೆ ಚಪ್ಪಟೆಯಾಗಿ ಮಲಗುತ್ತದೆ.

ಜುಲೈನಲ್ಲಿ ಎಲ್ಲಕ್ಕಿಂತ ಎತ್ತರದ ಕಂಬ ಬಂದಿದ್ದರೆ ನೀವು ಕರಾವಳಿಯ ಅಂಕಿ ತೆಗೆದುಕೊಂಡಿದ್ದೀರಿ ಎಂದು ತಿಳಿಯಿರಿ. ನೈರುತ್ಯದ ಗಾಳಿ ಪಶ್ಚಿಮ ಘಟ್ಟದಲ್ಲೇ ನೀರು ಇಳಿಸಿಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ, ಕೋಲಾರಕ್ಕೆ 700ರ ಆಸುಪಾಸು. ಜೂನ್, ಜುಲೈನಲ್ಲಿ ನಮಗೆ ಸಿಗುವುದು ಗಾಳಿ, ಮೋಡ, ನಡುನಡುವೆ ಜಿಟಿಜಿಟಿ. ನಮ್ಮ ಕಂಬಗಳು ಮೇನಲ್ಲಿ ಒಮ್ಮೆ ಏಳುತ್ತವೆ, ಅದು ಗುಡುಗು ಮಳೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡದಾಗಿ ಏಳುತ್ತವೆ. ಆಗ ಗುಡುಗು ಮಳೆಯ ಜೊತೆಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತ, ಹಿಂಗಾರು ಎಲ್ಲ ಕೂಡಿಕೊಳ್ಳುತ್ತವೆ.

ನಕ್ಷೆ ಮುಗಿದ ಮೇಲೆ ಮನೆಯಲ್ಲಿ ಅಜ್ಜಿಗೋ ತಾತನಿಗೋ ತೋರಿಸದೆ ಒಂದು ಪ್ರಶ್ನೆ ಕೇಳಿ: ನಮ್ಮೂರ ಕೆರೆ ತುಂಬೋದು ಯಾವ ಮಳೆಗೆ? ಉತ್ತರೆ, ಹಸ್ತ, ಚಿತ್ತೆ ಎಂಬ ಹೆಸರುಗಳು ಬರುವ ಸಾಧ್ಯತೆ ಜಾಸ್ತಿ. ಈ ಮೂರು ಮಳೆ ನಕ್ಷತ್ರಗಳು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೂರನೇ ವಾರದವರೆಗೆ ನಡೆಯುತ್ತವೆ. ನಿಮ್ಮ ಎತ್ತರದ ಕಂಬ ಎಲ್ಲಿದೆ ನೋಡಿ. ಹೊಂದದಿದ್ದರೆ ಅಂಕಿಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ತಪ್ಪಿರುವುದು ಅಜ್ಜಿಯ ನೆನಪಿಗಿಂತ ನಿಮ್ಮ ಪಟ್ಟಿಯಲ್ಲೇ ಇರಬಹುದು.

ರೆಕಾರ್ಡ್ ಒಪ್ಪಿಸುವ ಮುಂಚೆ

ಮಳೆ ಪಟ್ಟಿಯ ಸೊನ್ನೆಗಳನ್ನು ಒಂದೊಂದಾಗಿ ನೋಡಿ. ದಸರಾ ರಜೆಗೆ ಊರಿಗೆ ಹೋದ ಹತ್ತು ದಿನ ಸಾಲಾಗಿ ಸೊನ್ನೆ ಇದೆಯಾ? ಮಳೆ ಬರಲಿಲ್ಲ ಎಂಬುದು ಸೊನ್ನೆ. ನೀವು ನೋಡಲಿಲ್ಲ ಎಂಬುದಕ್ಕೆ ಒಂದು ಅಡ್ಡಗೆರೆ ಎಳೆಯಿರಿ. ವಾಪಸ್ ಬಂದಾಗ ಡಬ್ಬಿಯಲ್ಲಿ ನಿಂತಿದ್ದ ನೀರನ್ನು ಕೊನೆಯ ದಿನದ ಮಳೆ ಎಂದು ಬರೆಯಬೇಡಿ. "ಹತ್ತು ದಿನದ್ದು ಒಟ್ಟಿಗೆ, ಸ್ವಲ್ಪ ಆರಿರಬಹುದು" ಎಂದೇ ಬರೆಯಿರಿ. ಆಮೇಲೆ ಡಬ್ಬಿ ತೊಳೆದು ಅದೇ ಜಾಗದಲ್ಲಿ ಇಡಿ, ಚಿತ್ತೆ ಮಳೆ ಇನ್ನೂ ಬಾಕಿ ಇರುತ್ತದೆ.